ಅಡ್ಡ ತಿರುಗಿಸಿ ಓದಿದ ಅಡುಗೆ ಪತ್ರಿಕೆ

ಮಿದುಳಿನ ಆಘಾತವಾಗಿ ಒಂದು ವಾರ ಕಳೆದರೂ ಅದು ನನಗೆ ಗೊತ್ತೇ ಇರಲಿಲ್ಲ. ಆ ವಾರದಲ್ಲಿ ನಾನು ಬೈದದ್ದು ಅಡುಗೆ ಮಾಸಪತ್ರಿಕೆಯೊಂದರ ಪ್ರೂಫ್ ನೋಡುವವರನ್ನು.

ನಮ್ಮ ಮನೆಯಲ್ಲಿ ಸಂಜೆಯ ಅಡುಗೆ ನನ್ನದು. ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಮಧ್ಯಾಹ್ನದ ತರಗತಿ ಮುಗಿಸಿಕೊಂಡು ದಟ್ಟಗಳ್ಳಿಯ ಮನೆಗೆ ಬಂದರೆ ಬಿಸಿಲು ಇನ್ನೂ ಇರುತ್ತದೆ. ಹೆಂಡತಿ ಗಿರಿಜಾ ಸಹಕಾರಿ ಬ್ಯಾಂಕಿನಲ್ಲಿದ್ದಾಳೆ. ಅವಳು ಬರುವುದು ದೀಪ ಹಚ್ಚುವ ಹೊತ್ತಿಗೆ. ಮದುವೆಯಾದ ಹೊಸದರಲ್ಲಿ ಹೊತ್ತಿನ ಅನುಕೂಲಕ್ಕೆಂದು ಶುರುವಾದ ಏರ್ಪಾಡು ಹಾಗೇ ನಿಂತುಹೋಯಿತು. ನನಗೆ ಅಡುಗೆ ಕಲಿಸಿದ್ದು ಅಮ್ಮನಲ್ಲ, ಪತ್ರಿಕೆಗಳು. ಪ್ರತಿ ತಿಂಗಳೂ ಎರಡು ಅಡುಗೆ ಪತ್ರಿಕೆ ಮನೆಗೆ ಬರುತ್ತಿದ್ದವು. ಪ್ರಯೋಗಶಾಲೆಯ ಕೈಪಿಡಿಯನ್ನು ಓದುವ ಹಾಗೆ ಅವನ್ನು ಓದುತ್ತಿದ್ದೆ. ಬೇಕಾಗುವ ಸಾಮಗ್ರಿ, ಅಳತೆ, ಮಾಡುವ ವಿಧಾನ. ಹೇಳಿದ ಹಾಗೆ ಮಾಡಿದರೆ ಹೇಳಿದ್ದು ಆಗುತ್ತದೆ ಎನ್ನುವ ನಂಬಿಕೆ.

ಒಂದು ಭಾನುವಾರ ಬೆಳಿಗ್ಗೆ ಎಡಗಣ್ಣಿನ ಹಿಂದೆ ತಲೆನೋವು ಶುರುವಾಯಿತು. ವಾಂತಿಯಾಯಿತು. ಪಿತ್ತ ಅಂದುಕೊಂಡು ಮಲಗಿದೆ. ಸೋಮವಾರ ತಲೆನೋವು ಇಳಿದಿತ್ತು, ಕಾಲೇಜಿಗೆ ಹೋದೆ. ಆ ವಾರ ನನ್ನ ಬಲಭುಜ ಬಾಗಿಲ ಚೌಕಟ್ಟಿಗೆ ತಾಗುತ್ತಲೇ ಇತ್ತು. ನಿಲ್ಲಿಸಿದ್ದ ಆಟೋಗೆ ಸ್ಕೂಟರಿನ ಬಲಗನ್ನಡಿ ಉಜ್ಜಿ ಚಾಲಕನಿಂದ ಬೈಸಿಕೊಂಡೆ. ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಹುಡುಗಿಯೊಬ್ಬಳು ಎದ್ದುನಿಂತು, "ಸಾರ್, ಸಮೀಕರಣದ ಆ ಕಡೆ ಬರೀಲೇ ಇಲ್ಲ" ಅಂದಳು. ನಿದ್ದೆ ಸಾಲದು ಅಂದುಕೊಂಡೆ. ಐವತ್ತು ದಾಟಿದವರಿಗೆ ಎಲ್ಲದಕ್ಕೂ ಒಂದೊಂದು ಕಾರಣ ಕೈಗೆ ಸಿಗುವ ಹಾಗೇ ಇರುತ್ತದೆ.

ಶುಕ್ರವಾರ ಹಾಗಲಕಾಯಿ ಗೊಜ್ಜು ಮಾಡಿದೆ. ಹೊಸ ಸಂಚಿಕೆಯಲ್ಲಿದ್ದ ವಿಧಾನ. ಮೆಂತ್ಯವನ್ನು ಕಪ್ಪಾಗುವ ತನಕ ಹುರಿದೆ, ಹಾಗೆ ಬರೆದಿದೆ ಅಂದುಕೊಂಡು. ಗೊಜ್ಜು ವಿಪರೀತ ಕಹಿಯಾಗಿತ್ತು. ಹಾಗಲಕಾಯಿ ಅಲ್ಲವೇ, ಯಾರೂ ಏನೂ ಅನ್ನಲಿಲ್ಲ. ಆಮೇಲೆ ಗೊತ್ತಾಯಿತು, ಅಲ್ಲಿದ್ದದ್ದು 'ಕಪ್ಪಾಗಲು ಬಿಡಬಾರದು' ಎಂದು. ಕನ್ನಡದಲ್ಲಿ ಬೇಕು, ಬಾರದು ಎರಡೂ ಕೊನೆಗೆ ಬರುತ್ತವೆ. ನಾನು ಕೊನೆಯನ್ನು ನೋಡುತ್ತಿರಲಿಲ್ಲ, ಊಹಿಸುತ್ತಿದ್ದೆ. ಊಹಿಸುತ್ತಿದ್ದೇನೆ ಎನ್ನುವುದು ನನಗೆ ತಿಳಿದಿರಲಿಲ್ಲ.

ಶನಿವಾರ ಗಿರಿಜಾ ಮನೆಯಲ್ಲಿದ್ದಳು. ನಾನು ಪತ್ರಿಕೆಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಅವಳನ್ನು ಕರೆದೆ.

"ಈ ಪತ್ರಿಕೆಯೋರಿಗೆ ಏನಾಗಿದೆ ನೋಡು. ಸಾಮಾನೆಲ್ಲ ಬರ್ದು ಅಳತೇನೇ ಬಿಟ್ಬುಟ್ಟಿದ್ದಾರೆ. ಪ್ರೂಫ್ ನೋಡೋರೇ ಇಲ್ಲ ಈಚೆಗೆ."

ಅವಳು ಬಗ್ಗಿ ನೋಡಿದಳು. "ಎಲ್ಲಿ ಬಿಟ್ಟಿದ್ದಾರೆ? ಇಲ್ಲೇ ಇದೆಯಲ್ರೀ. ಬೆಲ್ಲ, ನಿಂಬೆಹಣ್ಣಿನ ಗಾತ್ರ."

"ಎಲ್ಲಿದೆ?"

"ಬೆಲ್ಲದ ಪಕ್ಕದಲ್ಲೇ." ಅವಳು ಬೆರಳಿಟ್ಟು ತೋರಿಸಿದಳು. ಬೆರಳು 'ಬೆಲ್ಲ' ಎನ್ನುವ ಪದದ ಮೇಲಿಂದ ಸರಿಯಿತು. ಸರಿದು ಇಲ್ಲವಾಯಿತು. ನಾನು ತಲೆಯನ್ನು ಬಲಕ್ಕೆ ತಿರುಗಿಸಿದೆ. ಬೆರಳೂ ಬಂತು, ನಿಂಬೆಹಣ್ಣಿನ ಗಾತ್ರವೂ ಬಂತು.

"ಇನ್ನೊಂದ್ಸಲ ಮಾಡು," ಅಂದೆ. ಅವಳು ಮಾಡಿದಳು. ಬೆರಳು ಮತ್ತೆ ಅದೇ ಜಾಗದಲ್ಲಿ ಮರೆಯಾಯಿತು. ನಾನು ಎಡಗಣ್ಣು ಮುಚ್ಚಿ ನೋಡಿದೆ, ಬಲಗಣ್ಣು ಮುಚ್ಚಿ ನೋಡಿದೆ. ಎರಡರಲ್ಲೂ ಅದೇ. ಬೆಳಕಿನ ಪಾಠ ಹೇಳುವವನಿಗೆ ಇದು ವಿಚಿತ್ರವಾಗಿ ಕಂಡಿತು: ಒಂದು ಕಣ್ಣು ಕೆಟ್ಟಿದ್ದರೆ ಇನ್ನೊಂದರಲ್ಲಿ ಕಾಣಬೇಕಲ್ಲ. ಭಯ ಆಗ ಬರಲಿಲ್ಲ. ಗಿರಿಜಾಳ ಮುಖ ನೋಡಿದೆ. ಅವಳಿಗೆ ಬಂದಿತ್ತು.

ಕಣ್ಣಿನದೇ ತೊಂದರೆ ಅಂದುಕೊಂಡು ಅಂದೇ ಜಯಲಕ್ಷ್ಮಿಪುರಂನ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಕಣ್ಣಿಗೆ ಹನಿ ಬಿಡಿಸಿಕೊಂಡು ತಲೆ ಹಿಂದಕ್ಕೆ ಒರಗಿಸಿ ಸಾಲಾಗಿ ಕೂತವರ ನಡುವೆ ನಾನೂ ಕೂತೆ. ಆಮೇಲೆ ಕತ್ತಲೆ ಕೋಣೆಯಲ್ಲಿ ಬಟ್ಟಲಿನಂಥ ಯಂತ್ರಕ್ಕೆ ಗಲ್ಲ ಆನಿಸಿ, ಒಂದು ಕಣ್ಣು ಮುಚ್ಚಿ, ಕೈಗೊಂದು ಗುಂಡಿ ಕೊಟ್ಟರು. ಯಾವಾಗೆಲ್ಲ ಚುಕ್ಕೆಬೆಳಕು ಕಾಣುತ್ತದೋ ಆಗೆಲ್ಲ ಒತ್ತಬೇಕು. ಎಡದಲ್ಲಿ ಬೆಳಕು ಬರುತ್ತಿತ್ತು, ಒತ್ತುತ್ತಿದ್ದೆ. ನಡುವೆ ಬಹಳ ಹೊತ್ತು ಏನೂ ಬರುತ್ತಿರಲಿಲ್ಲ. ಯಂತ್ರ ನಿಂತುಹೋಗಿದೆ ಅನ್ನಿಸಿ ಕೇಳಿದೆ: "ಮೇಡಂ, ಆಫ್ ಆಗಿದೆಯಾ?"

"ಇಲ್ಲ ಸಾರ್, ನಡೀತಾ ಇದೆ," ಅಂದರು ಪಕ್ಕದಲ್ಲಿದ್ದವರು. ಆ ಮಾತು ಹೇಳುವಾಗ ಅವರ ದನಿ ಮೆತ್ತಗಾಗಿತ್ತು. ಆ ಕ್ಷಣದಲ್ಲಿ ಭಯವಾಯಿತು.

ಡಾಕ್ಟರು ಪರೀಕ್ಷೆಯ ಹಾಳೆಯನ್ನು ನಮ್ಮ ಕಡೆ ತಿರುಗಿಸಿದರು. ಎರಡು ವೃತ್ತ, ಎರಡರಲ್ಲೂ ಬಲಭಾಗ ಕಪ್ಪು. "ಕಣ್ಣು ಎರಡೂ ಚೆನ್ನಾಗಿವೆ," ಅಂದರು. "ನೋಡೋ ಕೆಲಸ ಹಿಂದ್ಗಡೆ ನಡೆಯತ್ತೆ. ಅಲ್ಲಿ ಏನೋ ಆಗಿದೆ. ಇವತ್ತೇ ಸ್ಕ್ಯಾನ್ ಮಾಡ್ಸಿ, ನಾಳೆಗೆ ಇಟ್ಕೋಬೇಡಿ."

ಸ್ಕ್ಯಾನಿನಲ್ಲಿ ಮಿದುಳಿನ ಎಡ ಹಿಂಭಾಗದಲ್ಲಿ ಬಿಳಿ ಮಚ್ಚೆ. ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿತ್ತು. ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು ರಕ್ತದೊತ್ತಡ, ಸಕ್ಕರೆ, ಹೃದಯ ಎಲ್ಲ ನೋಡಿದರು. ಮಾತ್ರೆಗಳ ಪಟ್ಟಿ ಬರೆದರು. ಸ್ಕೂಟರ್ ಮುಟ್ಟಬೇಡಿ ಅಂದರು. ಹೋದ ದೃಷ್ಟಿ ಸ್ವಲ್ಪ ಬರಬಹುದು, ಬರದೆಯೂ ಇರಬಹುದು ಅಂದರು. ಆ ಸ್ಕ್ಯಾನಿಂಗ್ ಕೋಣೆಯ ನೆನಪಿನಲ್ಲಿ ಉಳಿದಿರುವುದು ಒಬ್ಬ ಟೆಕ್ನಿಷಿಯನ್. ಪ್ರತಿ ಸಲ ಯಂತ್ರ ಗದ್ದಲ ಶುರುಮಾಡುವ ಮೊದಲು ಕಿವಿಗೆ ಹಾಕಿದ್ದ ಹೆಡ್‌ಫೋನಿನಲ್ಲಿ, "ಈಗ ಸದ್ದು ಬರತ್ತೆ, ನಾನಿಲ್ಲೇ ಇದ್ದೀನಿ" ಅನ್ನುತ್ತಿದ್ದರು. ಹಾಗೆ ಹೇಳಲೇಬೇಕೆಂದು ಯಾರೂ ಅವರಿಗೆ ಆಜ್ಞೆ ಮಾಡಿರಲಾರರು.

ಕಾಣದಿರುವುದು ಕಪ್ಪಾಗಿರುತ್ತದೆ ಅಂತ ಜನ ತಿಳಿಯುತ್ತಾರೆ. ಕಪ್ಪಿಲ್ಲ. ನಿಮ್ಮ ತಲೆಯ ಹಿಂದೆ ಏನು ಕಾಣುತ್ತದೆ ಎಂದು ಕೇಳಿದರೆ ನೀವು ಏನು ಹೇಳುತ್ತೀರೋ, ನನ್ನ ಬಲಗಡೆ ಅದೇ. ಅಲ್ಲಿ ಕೊರತೆ ಇದೆ ಎಂದೂ ಅನ್ನಿಸುವುದಿಲ್ಲ. ಜಗತ್ತು ಮೂಗಿನ ನೇರಕ್ಕೆ ಮುಗಿಯುತ್ತದೆ, ಅಷ್ಟೇ.

ನರರೋಗದ ಡಾಕ್ಟರ ಕಾಯುವ ಕೋಣೆಯಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಕೇಳುತ್ತಿದ್ದ ಪ್ರಶ್ನೆ ಒಂದೇ: ಯಾವ ಕಡೆ? ಎಡವೋ ಬಲವೋ ಎನ್ನುವುದರ ಮೇಲೆ ಮಾತು ಬೆಳೆಯುತ್ತಿತ್ತು. ಗಂಡನ ಜೋತುಬಿದ್ದ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಹೆಂಗಸೊಬ್ಬರು ನನ್ನನ್ನೂ ಕೇಳಿದರು. "ಬಲಗಡೆ ಕಾಣಲ್ಲ," ಅಂದೆ.

"ಕೈಕಾಲು?"

"ಚೆನ್ನಾಗಿವೆ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಪುಣ್ಯವಂತ್ರು ಬುಡಿ," ಅಂದರು. ಅದರಲ್ಲಿ ಹೊಟ್ಟೆಕಿಚ್ಚಿರಲಿಲ್ಲ. ಆದರೂ ಆಮೇಲೆ ಪ್ರತಿ ಸಲ ಅಲ್ಲಿ ಕೂತಾಗಲೂ, ಟಿಕೆಟ್ ಇಲ್ಲದೆ ಒಳಗೆ ಬಂದವನ ಹಾಗೆ ಅನ್ನಿಸುತ್ತಿತ್ತು. ನಡೆದಾಡುತ್ತೇನೆ, ಮಾತಾಡುತ್ತೇನೆ. ಆದರೆ ಅಲ್ಲಿ ಇಟ್ಟಿದ್ದ ವಾರಪತ್ರಿಕೆಯ ಒಂದು ಪ್ಯಾರಾ ಓದಲಾರೆ. ಕನ್ನಡ ಎಡದಿಂದ ಬಲಕ್ಕೆ ಹೋಗುತ್ತದೆ. ಮುಂದಿನ ಪದ ಯಾವಾಗಲೂ ನನ್ನ ಇಲ್ಲದ ಕಡೆಯಲ್ಲೇ ಇರುತ್ತಿತ್ತು. ಒಂದು ಪದ ಓದಿ, ಕಣ್ಣು ಸರಿಸಿ, ಇನ್ನೊಂದನ್ನು ಹುಡುಕಿ, ಅಷ್ಟರಲ್ಲಿ ಮೊದಲನೆಯದನ್ನು ಮರೆತು, ಸಾಲು ತಪ್ಪಿ, ತಲೆನೋವು ಬಂದು, ಮಡಚಿಡುತ್ತಿದ್ದೆ.

ಮನೆಗೆ ಬಂದ ಮೊದಲ ವಾರ ಸಿದ್ಧಾರ್ಥನಗರದಿಂದ ದೊಡ್ಡಕ್ಕ ಬಂದಳು. ಮಠದಿಂದ ವಿಭೂತಿ ತಂದಿದ್ದಳು. ಹಣೆಗೆ ಹಚ್ಚಿ, ಎದುರಿಗೆ ಕೂತು, ಎಲ್ಲ ಕೇಳಿಸಿಕೊಂಡಳು.

"ಅಂಗಾದ್ರೆ ದೊಡ್ಡ ಕನ್ನಡಕ ಹಾಕಿಸ್ಬುಟ್ರೆ ಆಯ್ತಲ್ಲ?"

"ಮಿದುಳಿಗೆ ಕನ್ನಡಕ ಇಲ್ಲ ಕಣಕ್ಕ."

"ನಾ ಅವಾಗ್ಲೇ ಏಳ್ದೆ. ಗಂಡಸು ದಿನಾ ಒಲೆ ಮುಂದೆ ನಿಂತು ಹೊಗೆ ಕುಡಿದ್ರೆ ಇನ್ನೆಂಗಾದದು? ತಲೆಗೇ ಓಗ್ಬುಟ್ಟದೆ."

ಗಿರಿಜಾ ಕಾಫಿ ತರುತ್ತಿದ್ದವಳು ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟಳು. ದೊಡ್ಡಕ್ಕ ಕೆಟ್ಟವಳಲ್ಲ. ಒಬ್ಬನೇ ತಮ್ಮ, ಏನಾದರೂ ಒಂದು ಕಾರಣ ಬೇಕಿತ್ತು ಅವಳಿಗೆ. ಆದರೆ ಅವಳು ಹೋದ ಮೇಲೆ ಗಿರಿಜಾ ಸಿಂಕಿನ ಮುಂದೆ ನಿಂತು ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು.

"ಅವಳ ಮಾತು ಹಚ್ಕೋಬೇಡ," ಅಂದೆ.

"ಹಚ್ಕೊಂಡಿಲ್ಲ," ಅಂದಳು.

ನಾನು ರಜೆಯಲ್ಲಿದ್ದೆ. ಅಡುಗೆ ಬಿಡಲಿಲ್ಲ. ಪತ್ರಿಕೆ ಓದಲಾಗದಿದ್ದರೂ ಸಾರು, ಪಲ್ಯಕ್ಕೆ ಪತ್ರಿಕೆ ಬೇಕಿರಲಿಲ್ಲ. ಒಂದು ಸಂಜೆ ಎಡಗಡೆಯ ಬರ್ನರಿನ ಮೇಲೆ ಒಗ್ಗರಣೆ ಇಟ್ಟಿದ್ದೆ. ಬಲಗಡೆಯ ಬರ್ನರಿನಲ್ಲಿ ಹಾಲು ಕಾಯಿಸಿ, ಪಾತ್ರೆ ಇಳಿಸಿದ್ದೆ, ಆರಿಸಿದ್ದೇನೆ ಅಂದುಕೊಂಡಿದ್ದೆ. ಪಾತ್ರೆ ಇಳಿಸಿದ ಟವೆಲನ್ನು ಅಲ್ಲೇ ಪಕ್ಕದಲ್ಲಿ ಬಿಟ್ಟಿದ್ದೆ. ಸಾಸಿವೆ ಸಿಡಿಯಿತು, ಕರಿಬೇವು ಹಾಕಿದೆ. ಏನೋ ಸುಟ್ಟ ವಾಸನೆ ಬಂದಾಗ ಒಗ್ಗರಣೆ ಸೀಯುತ್ತಿದೆ ಎಂದು ಉರಿ ಸಣ್ಣದು ಮಾಡಿದೆ.

ಬ್ಯಾಂಕಿನಿಂದ ಬಂದ ಗಿರಿಜಾ ಚಪ್ಪಲಿ ಬಿಚ್ಚುವುದನ್ನೂ ಬಿಟ್ಟು ಓಡಿಬಂದಳು. ಅವಳು ಕಿರುಚಿದ ಮೇಲೆ ನಾನು ತಲೆ ತಿರುಗಿಸಿದೆ. ಟವೆಲ್ ಪೂರ್ತಿ ಉರಿಯುತ್ತಿತ್ತು. ಜ್ವಾಲೆ ಮೇಲಿನ ಮರದ ಕಪಾಟಿನ ಅಂಚನ್ನು ನೆಕ್ಕುತ್ತಿತ್ತು. ನನ್ನ ಮೊಣಕೈಗೂ ಅದಕ್ಕೂ ಹೆಚ್ಚು ದೂರವಿರಲಿಲ್ಲ. ಅವಳು ಇಕ್ಕಳದಲ್ಲಿ ಎತ್ತಿ ಸಿಂಕಿಗೆ ಹಾಕಿ ನಲ್ಲಿ ಬಿಟ್ಟಳು. ಗ್ಯಾಸ್ ಆರಿಸಿದಳು. ನನ್ನ ಕೈಯಲ್ಲಿ ಸೌಟು ಇನ್ನೂ ಹಾಗೇ ಇತ್ತು.

"ನೀವು ಅಷ್ಟು ಸಮಾಧಾನವಾಗಿ ಒಗ್ಗರಣೆ ಹಾಕ್ತಿದ್ರಲ್ಲ," ಅಂದಳು. "ಅದೇ ನೋಡಕ್ಕಾಗ್ಲಿಲ್ಲ ನಂಗೆ."

ಮಾರನೆಯ ದಿನದಿಂದ ಅಡುಗೆಮನೆ ನನಗೆ ಇರಲಿಲ್ಲ. ಯಾರೂ ನಿಷೇಧ ಹೇರಲಿಲ್ಲ. ನಾನು ಎದ್ದು ಹೋದರೆ ಅಲ್ಲಿ ಕೆಲಸ ಮುಗಿದಿರುತ್ತಿತ್ತು. ಗಿರಿಜಾ ಬೆಳಿಗ್ಗೆ ಬೇಗ ಎದ್ದು ಎರಡು ಹೊತ್ತಿನದನ್ನೂ ಮಾಡಿಟ್ಟು ಬ್ಯಾಂಕಿಗೆ ಹೋಗುತ್ತಿದ್ದಳು. ಅಲ್ಲಿಂದ ಫೋನ್ ಮಾಡುತ್ತಿದ್ದಳು. ನಲ್ಲಿ ನೀರು ಬಂತಾ, ಪೋಸ್ಟ್ ಬಂತಾ, ಏನಾದರೊಂದು ನೆಪ. ನಾನು ಹಲೋ ಅಂದ ದನಿ ಸರಿಯಿದೆಯೇ ಎಂದು ಕೇಳಿಸಿಕೊಳ್ಳುವುದಕ್ಕೆ ಆ ಫೋನು. ನಾನೂ ದಿನವಿಡೀ ನನ್ನನ್ನೇ ಪರೀಕ್ಷಿಸಿಕೊಳ್ಳುತ್ತಿದ್ದೆ. ಕಾಲು ಜೋಮು ಹಿಡಿದರೆ ಇನ್ನೊಂದು ಆಘಾತ ಅನ್ನಿಸುತ್ತಿತ್ತು. ತೇಗು ಬಂದರೂ ಅನ್ನಿಸುತ್ತಿತ್ತು.

ಆ ತಿಂಗಳ ಪತ್ರಿಕೆಗಳು ಬಂದು ಟೀಪಾಯಿ ಮೇಲೆ ಬಿದ್ದಿದ್ದವು. ಅವು ಹಾಗೇ ಬಿದ್ದಿರುವುದನ್ನು ಮಗಳು ಚೈತ್ರ ಗಮನಿಸುತ್ತಿದ್ದಳು. ಅವಳು ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುತ್ತಾಳೆ, ಮಾತು ಕಡಿಮೆ. ಒಂದು ದಿನ ತನ್ನ ಟ್ಯಾಬ್ಲೆಟ್ಟನ್ನು ತಂದು ನನ್ನ ತೊಡೆಯ ಮೇಲಿಟ್ಟಳು.

"ಅದೇ ಪತ್ರಿಕೆ ಅಪ್ಪ. ಇದರಲ್ಲೂ ಬರತ್ತೆ. ಅಕ್ಷರ ಎಷ್ಟು ಬೇಕಾದ್ರೂ ದೊಡ್ಡದು ಮಾಡ್ಕೋಬೋದು."

ನನಗೆ ಬೇಕಿರಲಿಲ್ಲ. ಇಡೀ ದಿನ ಮೊಬೈಲ್ ನೋಡಬೇಡಿ ಎಂದು ಮಕ್ಕಳಿಗೆ ಹೇಳುವ ಮೇಷ್ಟ್ರ ಹಟ ಒಂದು ಕಡೆ. ಇನ್ನೊಂದು, ಕಾಗದದ ಪತ್ರಿಕೆಯಲ್ಲಿ ನನಗೆ ಜಾಗಗಳು ಗೊತ್ತಿದ್ದವು. ಹುರುಳಿಕಾಳಿನ ಬಸ್ಸಾರು ಅಂದರೆ ಎಡಪುಟದ ಕೆಳಗೆ, ಕುಕ್ಕರಿನ ಜಾಹೀರಾತಿನ ಮೇಲೆ, ಮೂಲೆಯಲ್ಲಿ ಅರಿಸಿನದ ಹೆಬ್ಬೆಟ್ಟಿನ ಗುರುತು. ಟ್ಯಾಬ್ಲೆಟ್ಟಿನಲ್ಲಿ ಎಲ್ಲವೂ ಒಂದೇ ಗಾಜಿನ ಮೇಲೆ ಬಂದು ಹೋಗುತ್ತದೆ. ಯಾವುದಕ್ಕೂ ಜಾಗವಿಲ್ಲ. ಮೊದಲ ದಿನ ಪುಟವನ್ನು ದೊಡ್ಡದು ಮಾಡಿದೆ; ದೊಡ್ಡದಾದ ಪುಟದ ಯಾವ ಮೂಲೆಯಲ್ಲಿದ್ದೇನೆ ಎಂದು ತಿಳಿಯಲಿಲ್ಲ. ಬೆರಳು ತಾಗಿ ಕೋಸಂಬರಿಯಿಂದ ನೇರ ಕೇಕಿಗೆ ಹೋದೆ. ವಾಪಸು ಬರಲಾಗಲಿಲ್ಲ. ಮಗಳಿಗೆ ಕೊಟ್ಟೆ.

"ಸಾಕು. ಆಗಲ್ಲ ನಂಗೆ."

ಅವಳು ತೆಗೆದುಕೊಂಡಳು. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಅದನ್ನು ಚೀಲದಲ್ಲಿ ಹಾಕಿಕೊಂಡು ತಾನೂ ಬಂದಳು.

ಆಸ್ಪತ್ರೆಯ ಪುನರ್ವಸತಿ ವಿಭಾಗದಲ್ಲಿ ರೆಹಾನಾ ಎಂಬ ಥೆರಪಿಸ್ಟ್ ಇದ್ದರು. ಉಳಿದ ದೃಷ್ಟಿಯನ್ನು ಹೇಗೆ ಬಳಸಬೇಕು ಎಂದು ಹೇಳಿಕೊಡುವುದು ಅವರ ಕೆಲಸ. ಬಾಗಿಲು ದಾಟುವ ಮೊದಲು ತಲೆ ಬಲಕ್ಕೆ, ರಸ್ತೆ ದಾಟುವ ಮೊದಲು ಇಡೀ ಮೈ ಬಲಕ್ಕೆ, ಇಂಥವು. ಓದಿನ ವಿಷಯ ಬಂದಾಗ ಕೇಳಿದರು: "ಏನು ಓದೋದು ಇಷ್ಟ ಸಾರ್ ನಿಮ್ಗೆ? ನ್ಯೂಸ್ ಪೇಪರ್ರಾ?"

ಹೇಳಲು ಸ್ವಲ್ಪ ಸಂಕೋಚವಾಯಿತು. ಚೈತ್ರಳೇ ಹೇಳಿದಳು: "ಅಡುಗೆ ಪತ್ರಿಕೆ."

ರೆಹಾನಾ ನಕ್ಕರು. "ಒಳ್ಳೇದೇ ಆಯ್ತಲ್ಲ. ಸಾಲು ಚಿಕ್ಕಚಿಕ್ಕದು. ತಪ್ಪು ಓದಿದ್ರೆ ನಾಲಿಗೆಗೇ ಗೊತ್ತಾಗತ್ತೆ." ಆಮೇಲೆ ಮೇಜಿನ ಮೇಲಿದ್ದ ಒಂದು ಪತ್ರಿಕೆಯನ್ನು ನನ್ನ ಮುಂದಿಟ್ಟು ಕಾಲುಸುತ್ತು ತಿರುಗಿಸಿದರು. ಸಾಲುಗಳು ಮೇಲಿಂದ ಕೆಳಕ್ಕೆ ಇಳಿಬಿದ್ದವು, ಒಣಗಲು ನೇತುಹಾಕಿದ ಬಟ್ಟೆಯ ಹಾಗೆ. "ನಿಮ್ಗೆ ಕಾಣದೇ ಇರೋದು ಬಲಗಡೆ ತಾನೇ? ಕೆಳಗಡೆ ಕಾಣತ್ತಲ್ಲ. ಮುಂದಿನ ಪದ ಕೆಳಗೆ ಬರೋ ಹಾಗೆ ಇಟ್ಕೊಳ್ಳಿ."

ಬೆಳಕಿನ ಪಾಠ ಮಾಡಿ ಮಾಡಿ ವರ್ಷಗಳಾಗಿದ್ದ ನನಗೆ ಇಷ್ಟು ಸರಳವಾದದ್ದು ಹೊಳೆದಿರಲಿಲ್ಲ. ಓದಿದೆ. ಅಕ್ಷರಗಳು ಅಡ್ಡ ಮಲಗಿದ್ದವು, ಒಂದೊಂದನ್ನೂ ಎಬ್ಬಿಸಬೇಕಿತ್ತು. ಆದರೆ ಪದದ ಬಾಲ ಸಿಕ್ಕುತ್ತಿತ್ತು. ಕೊನೆಗೆ 'ಬೇಕು' ಇದೆಯೋ 'ಬಾರದು' ಇದೆಯೋ ಕಾಣುತ್ತಿತ್ತು.

ಮನೆಗೆ ಬಂದು ಮೊದಲು ಕಾಗದದ ಪತ್ರಿಕೆಯಲ್ಲೇ ಪ್ರಯತ್ನಿಸಿದೆ. ನುಣುಪು ಕಾಗದ, ಅಡ್ಡ ಹಿಡಿದರೆ ಪುಟ ಜೋತುಬಿದ್ದು ಮಡಚಿಕೊಳ್ಳುತ್ತಿತ್ತು. ಟ್ಯೂಬ್‌ಲೈಟಿನ ಪ್ರತಿಬಿಂಬ ನೇರ ಸಾಲಿನ ಮೇಲೆ ಬೀಳುತ್ತಿತ್ತು. ಒಂದು ಪುಟದಲ್ಲಿ ಮೂರು ಅಡುಗೆ, ನಡುವೆ ತಟ್ಟೆಯ ಚಿತ್ರ, ಚಿತ್ರದ ಮೇಲೇ ಅಕ್ಷರ. ಚಟ್ನಿಯ ಸಾಮಗ್ರಿ ಓದುತ್ತಾ ಪಾಯಸದ ವಿಧಾನಕ್ಕೆ ಜಾರುತ್ತಿದ್ದೆ. ಆಗ ಚೈತ್ರ ಟ್ಯಾಬ್ಲೆಟ್ಟನ್ನು ಮತ್ತೆ ತಂದಳು. ಪರದೆ ತಾನಾಗಿ ತಿರುಗದಂತೆ ಬೀಗ ಹಾಕಿಟ್ಟಳು. ಚಿತ್ರ ತೆಗೆದು ಬರೀ ಅಕ್ಷರ ಮಾತ್ರ ಬರುವ ಹಾಗೆ ಮಾಡಿದಳು. ಒಂದೇ ಅಡುಗೆ, ಒಂದೇ ಅಂಕಣ, ದಪ್ಪ ಅಕ್ಷರ.

ಹೀಗೆ ನಾನು ಟ್ಯಾಬ್ಲೆಟ್ಟಿನ ಓದುಗನಾದೆ. ದಿನಾ ಮಧ್ಯಾಹ್ನ ಕಿಟಕಿಯ ಪಕ್ಕ ಕೂತು ಒಂದು ಅಡುಗೆ ಓದುತ್ತಿದ್ದೆ. ಮೊದಮೊದಲು ಒಂದು ಕೋಸಂಬರಿ ಓದಿ ಮುಗಿಸಿದರೆ ಕಣ್ಣುಮುಚ್ಚಿ ಮಲಗಬೇಕಾಗುತ್ತಿತ್ತು. ಮಾಡುವುದಕ್ಕಲ್ಲ, ಓದುವುದಕ್ಕೆ ಮಾತ್ರ ಓದುತ್ತಿದ್ದೆ. ಮಾಡಲಾಗದ ಅಡುಗೆಯನ್ನು ಓದುವುದು ಇಷ್ಟು ಸಮಾಧಾನ ಕೊಡುತ್ತದೆ ಎಂದು ತಿಳಿದಿರಲಿಲ್ಲ. ಇಂಗು, ಚಿಟಿಕೆ. ಕೊಬ್ಬರಿ, ಕಾಲು ಬಟ್ಟಲು. ಎರಡೂ ತುದಿ ಇರುವ ಸಾಲು.

ಕಾಗದವನ್ನು ಮರೆತೆ ಎಂದಲ್ಲ. ಹಳೆಯ ಸಂಚಿಕೆಗಳ ಎರಡು ರಾಶಿ ಊಟದ ಮೇಜಿನ ಕೆಳಗೇ ಇವೆ. ಗಾಜಿನ ಮೇಲಿನ ಓದಿಗೆ ಗುರುತು ಉಳಿಯುವುದಿಲ್ಲ, ಜಿಡ್ಡು ಒರೆಸಿದರೆ ಹೋಗುತ್ತದೆ. ಪುಟ ಮಡಚಿಡುವ ಸುಖವಿಲ್ಲ. ಅಂಗಡಿಯಲ್ಲಿ ನಿಂತು ತಿರುವಿಹಾಕುವುದೂ ಇಲ್ಲ. ಇದನ್ನೆಲ್ಲ ಕಳೆದುಕೊಂಡ ಲೆಕ್ಕಕ್ಕೆ ಹಾಕಿದ್ದೇನೆ. ಆದರೆ ಕಾಗದ ನನ್ನನ್ನು ಓದಲು ಬಿಡಲಿಲ್ಲ, ಇದು ಬಿಟ್ಟಿತು.

ಅವರೆಕಾಯಿ ಕಾಲ ಬಂತು. ಆ ತಿಂಗಳ ಸಂಚಿಕೆಯಲ್ಲಿ ಹಿತಕಿದಬೇಳೆ ಸಾರು ಇತ್ತು. ನಾನು ಅದನ್ನು ಪೂರ್ತಿ ಓದಿ, ಗಿರಿಜಾ ಬಂದ ಮೇಲೆ ಹೇಳಿದೆ: "ಭಾನುವಾರ ಇದನ್ನ ನಾನು ಮಾಡ್ತೀನಿ."

ಅವಳು ಸೀರೆ ಮಡಿಸುತ್ತಲೇ ಇದ್ದಳು.

"ಎಷ್ಟು ದಿನ ಹೀಗೆ ಗಿರಿಜಾ?"

"ನಿಮ್ಗೆ ಅದು ಒಂದು ಟವೆಲ್," ಅಂದಳು. "ನಂಗೆ ಬ್ಯಾಂಕಲ್ಲಿ ಎದುರಿಗೆ ಜನ ನಿಂತಿರ್ತಾರೆ, ನನ್ನ ಕಣ್ಣಿಗೆ ಅದು ಉರೀತಿರೋದೇ ಕಾಣ್ತಿರತ್ತೆ. ನೀವು ಸೌಟು ಹಿಡ್ಕೊಂಡು ನಿಂತಿರೋದು. ನಿಮ್ಗೆ ಕಾಣಲಿಲ್ಲ ಅನ್ನೋದು ನಿಮ್ಮ ಕಷ್ಟ. ನಂಗೆ ಕಂಡ್ಬುಡ್ತಲ್ಲ, ಅದು ನನ್ನ ಕಷ್ಟ."

ಕಾಯಿಲೆ ನನ್ನೊಬ್ಬನದು ಅಂದುಕೊಂಡಿದ್ದೆ. ನಾನು ಒತ್ತಾಯ ಮಾಡಲಿಲ್ಲ. ಟ್ಯಾಬ್ಲೆಟ್ಟನ್ನು ಅಡ್ಡ ಹಿಡಿದು ಅವಳಿಗೆ ಆ ಸಾರನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳಿದೆ. ಆಘಾತವಾದ ಮೇಲೆ ನಾನು ಓದುವುದನ್ನು ಅವಳು ಕೇಳಿದ್ದು ಅದೇ ಮೊದಲು. ಎರಡು ಕಡೆ ತಡವರಿಸಿದೆ. ಅವಳು ಮಡಿಸುವುದನ್ನು ನಿಲ್ಲಿಸಿ ಕೇಳಿದಳು. ಮುಗಿದ ಮೇಲೆ, "ಗಸಗಸೆ ಮನೇಲಿಲ್ಲ, ತರ್ಬೇಕು," ಅಂದಳು.

ಭಾನುವಾರದ ಒಳಗೆ ಅವಳು ಮಾಡಿದ ಕೆಲಸಗಳು: ಗ್ಯಾಸಿನ ಒಲೆಯನ್ನು, ಬಲಗಡೆ ಏನೂ ಇಡಲಾಗದಂತೆ, ಕಟ್ಟೆಯ ಬಲಮೂಲೆಗೆ, ಗೋಡೆಗೆ ಒತ್ತಿ ಇಡಿಸಿದಳು. ಬಲಗಡೆಯ ಬರ್ನರಿನ ತಿರುಪನ್ನು ಕಿತ್ತು ಬೀರುವಿನಲ್ಲಿಟ್ಟಳು. ಬಟ್ಟೆ ಒಲೆಯ ಹತ್ತಿರ ಬರದಂತೆ ಅದನ್ನು ತಗುಲಿಹಾಕುವ ಮೊಳೆಯನ್ನು ಎಡಗೋಡೆಗೆ ಹೊಡೆಸಿದಳು. ನನ್ನನ್ನು ಯಾವುದಕ್ಕೂ ಕೇಳಲಿಲ್ಲ.

ಬೆಳಿಗ್ಗೆ ನಾವು ಮೂವರೂ ನಡುಮನೆಯಲ್ಲಿ ಕೂತು ನೆನೆದ ಅವರೆಕಾಳು ಹಿತಕಿದೆವು. ಕಾಳನ್ನು ಬೆರಳ ನಡುವೆ ಒತ್ತಿದರೆ ಸಿಪ್ಪೆಯಿಂದ ಬೇಳೆ ಚಿಮ್ಮುತ್ತದೆ. ನನ್ನದು ಬಲಕ್ಕೆ ಹಾರಿದರೆ ಎಲ್ಲಿ ಹೋಯಿತೆಂದು ಗೊತ್ತಾಗುತ್ತಿರಲಿಲ್ಲ, ಚೈತ್ರ ಹೆಕ್ಕಿ ಪಾತ್ರೆಗೆ ಹಾಕುತ್ತಿದ್ದಳು. ಆಮೇಲೆ ಒಲೆಯ ಎಡಗಡೆ ಟ್ಯಾಬ್ಲೆಟ್ಟನ್ನು ಅಡ್ಡ ನಿಲ್ಲಿಸಿಕೊಂಡು ಶುರುಮಾಡಿದೆ. ಅದಕ್ಕೆ ತನ್ನದೇ ತಾಪತ್ರಯ. ಒದ್ದೆ ಬೆರಳಿಗೆ ಪರದೆ ಅಲುಗುವುದಿಲ್ಲ. ಮೊಣಕೈ ತಾಗಿದರೆ ಇನ್ನೆಲ್ಲಿಗೋ ಹೋಗುತ್ತದೆ. ಮಸಾಲೆ ಹುರಿಯುವ ಹೊತ್ತಿಗೆ ಸರಿಯಾಗಿ ಪರದೆ ಕತ್ತಲಾಗಿಬಿಡುತ್ತದೆ. "ಅಪ್ಪ, ಗೆಣ್ಣಲ್ಲಿ ಒತ್ತು," ಎಂದು ಚೈತ್ರ ಹೇಳಿಕೊಟ್ಟಳು. ಗೆಣ್ಣಿನಿಂದ ಒತ್ತಿದರೆ ಎದ್ದಿತು.

ಗಿರಿಜಾ ಬಾಗಿಲಿಗೆ ಒರಗಿ ನಿಂತಿದ್ದಳು, ಶುರುವಿನಿಂದ ಕೊನೆಯವರೆಗೂ. ಸಾರು ಕುದಿಯಿತು. ಸೌಟಿನಲ್ಲಿ ಸ್ವಲ್ಪ ಅವಳ ಅಂಗೈಗೆ ಹಾಕಿದೆ. ಅವಳು ನೆಕ್ಕಿ ನೋಡಿ, "ಉಪ್ಪು ಒಂಚೂರು," ಅಂದಳು. ದೊಡ್ಡಕ್ಕನಿಗೆ ಡಬ್ಬಿಯಲ್ಲಿ ಕಳಿಸಿದೆವು. ಅವಳು ಫೋನ್ ಮಾಡಿ, "ಗಿರಿಜಾ ಕೈರುಚಿ ಈಗ ಹದಕ್ಕೆ ಬಂದ್ಬುಡ್ತು," ಅಂದಳಂತೆ. ಗಿರಿಜಾ ತಿದ್ದಲಿಲ್ಲ. ನನಗೆ ಹೇಳುವಾಗ ಮಾತ್ರ ನಗುತ್ತಿದ್ದಳು.

ಕಾಲೇಜಿಗೆ ಮತ್ತೆ ಹೋಗತೊಡಗಿದೆ. ಬಸ್ಸಿನಲ್ಲಿ. ಬೋರ್ಡಿನ ಎಡ ಅರ್ಧದಲ್ಲೇ ಬರೆಯುತ್ತೇನೆ. ಮೊದಲ ದಿನ ಮಕ್ಕಳಿಗೆ ವಿಷಯ ಹೇಳಿಬಿಟ್ಟೆ, ಬಲಗಡೆಯ ಬೆಂಚಿನವರು ಕೈ ಎತ್ತಿದರೆ ಸಾಲದು, ಬಾಯಿಬಿಟ್ಟು ಕರೆಯಬೇಕು ಎಂದು. ಅವರು ಅದನ್ನು ದುರುಪಯೋಗ ಮಾಡಿಕೊಳ್ಳುತ್ತಾರೆ, ನಾನು ಕಂಡೂ ಕಾಣದ ಹಾಗಿರುತ್ತೇನೆ.

ಈಚೆಗೆ ಮತ್ತೆ ಬಟ್ಟಲಿನ ಯಂತ್ರಕ್ಕೆ ಗಲ್ಲ ಆನಿಸಿ ಗುಂಡಿ ಒತ್ತಿ ಬಂದೆ. ಎರಡು ವೃತ್ತ, ಬಲಭಾಗ ಕಪ್ಪು. ಅಂಚಿನಲ್ಲಿ ಒಂದಷ್ಟು ಬೂದು. ಡಾಕ್ಟರು ಹಳೆಯದು, ಹೊಸದು ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. "ಇನ್ನು ಹೆಚ್ಚು ಬದಲಾಗಲ್ಲ ಅನ್ಸತ್ತೆ. ಇದು ಇಷ್ಟೇ ಅನ್ಕೊಂಡ್ಬಿಡಿ. ಇನ್ನೊಂದಾಗದ ಹಾಗೆ ನೋಡ್ಕೊಳ್ಳೋಣ." ದುಃಖವಾಗುತ್ತದೆ ಎಂದುಕೊಂಡಿದ್ದೆ. ಫಲಿತಾಂಶ ಗೊತ್ತಿದ್ದ ಪರೀಕ್ಷೆಯ ಹಾಗೆ ಇತ್ತು. ಗಿರಿಜಾ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡಳು.

ಬಸ್ಸಿಳಿದು ಮನೆಯ ಕಡೆ ನಡೆದೆವು. ನಮ್ಮ ಬಡಾವಣೆಯ ಆ ರಸ್ತೆಗೆ ಫುಟ್‌ಪಾತಿಲ್ಲ, ಎಡ ಅಂಚಿನಲ್ಲಿ ನಡೆಯಬೇಕು. ಸಂಜೆಯಾಗುತ್ತಿದ್ದ ಹೊತ್ತು, ಸ್ಕೂಟರುಗಳ ಸದ್ದು. ನಾನು ಏನೋ ಹೇಳುತ್ತಾ ಹೋಗುತ್ತಿದ್ದೆ, ಅವಳು ಹೂಂ ಅನ್ನುತ್ತಿದ್ದಳು. ಆಗ ತಟ್ಟನೆ ಒಂದು ವಿಷಯ ಹೊಳೆಯಿತು. ಈ ಇಷ್ಟೂ ತಿಂಗಳು, ಎಲ್ಲಿಗೆ ನಡೆದು ಹೋದರೂ, ನಾನು ಅವಳ ದನಿಯನ್ನು ಕೇಳಿದ್ದೇನೆ, ಅವಳನ್ನು ಕಂಡಿಲ್ಲ.

"ನೀನು ಯಾವಾಗ್ಲೂ ಆ ಕಡೇಲೇ ನಡೀತೀಯಲ್ಲ," ಅಂದೆ. "ನಂಗೆ ಕಾಣೋದೇ ಇಲ್ಲ ನೀನು."

"ಗೊತ್ತು," ಅಂದಳು. "ಗಾಡಿಗಳು ಈ ಕಡೆಯಿಂದ ತಾನೇ ಬರೋದು."

ರಸ್ತೆ ಖಾಲಿಯಾದಾಗ, "ಒಂದು ಗಳಿಗೆ ಈ ಕಡೆ ಬಾ," ಅಂದೆ. ಅವಳು ಹಿಂದಿನಿಂದ ಸುತ್ತಿಕೊಂಡು ಎಡಕ್ಕೆ ಬಂದಳು. ಹೆಗಲಿಗೆ ಆಸ್ಪತ್ರೆಯ ಚೀಲ, ಕಿವಿಯ ಪಕ್ಕದಲ್ಲಿ ಬೆವರಿಗೆ ಅಂಟಿದ ಕೂದಲು. ಮುಂಚಿಗಿಂತ ಇಳಿದುಹೋಗಿದ್ದಳು. ನಾನು ನೋಡುತ್ತಿರುವುದನ್ನು ನೋಡಿ, "ರಸ್ತೆ ನೋಡ್ಕೊಂಡು ನಡೀರಿ," ಅಂದಳು.

ಹಿಂದೆ ಯಾವುದೋ ಗಾಡಿಯ ಹಾರ್ನ್ ಕೇಳಿಸಿತು. ಅವಳು ನನ್ನ ಬೆನ್ನ ಹಿಂದಿನಿಂದ ದಾಟಿ ಬಲಕ್ಕೆ ಹೋದಳು, ಇಲ್ಲವಾದಳು. ಮೊಣಕೈಯ ಮೇಲೆ ಅವಳ ಕೈ ಬಂದು ಕೂತಿತು.

"ಸಂಜೆಗೆ ಏನ್ ಅಡಿಗೆ?" ಎಂದು ಆ ಕಡೆಯಿಂದ ಕೇಳಿದಳು.

ಮಧ್ಯಾಹ್ನ ಕಾಯುವ ಕೋಣೆಯಲ್ಲಿ ಕೂತು ಓದಿದ್ದನ್ನು ಅವಳಿಗೆ ಹೇಳುತ್ತಾ ನಡೆದೆ, ಅಳತೆಗಳ ಸಮೇತ.